ಮೂರು ಸಾವಿರದಲ್ಲಿ ಮನೆ ಕಟ್ಟಿದ ಅಪ್ಪ, ಮೂವತ್ತು ಸಾವಿರದಲ್ಲಿ ಬಾಡಿಗೆ ಕಟ್ಟುವ ಮಗ

ಪ್ರಶ್ನೆ: ಅಕ್ಕಾ, ನಮ್ಮದು ಅಂಕೋಲಾ ಹತ್ತಿರದ ಹಳ್ಳಿ. ನನಗೆ 28 ವರ್ಷ. ಬಿ.ಕಾಂ. ಮುಗಿಸಿ ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸ ಮಾಡುತ್ತಿದ್ದೇನೆ, ಕೈಗೆ ಬರುವುದು 30 ಸಾವಿರ. ಅಪ್ಪ ಸರಕಾರಿ ಶಾಲೆಯ ಮಾಸ್ತರರಾಗಿದ್ದರು. ಮೊದಲ ಕೆಲವು ವರ್ಷ ಜೋಯಿಡಾದ ಕಾಡಿನ ಶಾಲೆಯಲ್ಲಿ ಒಬ್ಬರೇ ಇದ್ದು ಕಷ್ಟಪಟ್ಟವರು. ಊರಿಗೆ ಹೋದಾಗೆಲ್ಲ ಒಂದೇ ಮಾತು: "1995ರಲ್ಲಿ ನನ್ನ ಸಂಬಳ ಮೂರು ಸಾವಿರ. ಅದರಲ್ಲೇ ಮನೆ ಕಟ್ಟಿದೆ, ತಂಗಿ ಮದುವೆ ಮಾಡಿದೆ. ನಿನಗೆ ಮೂವತ್ತು ಸಾವಿರವೂ ಸಾಲುವುದಿಲ್ವಾ?" ನಾನು ದುಂದುಗಾರ ಅಲ್ಲ. ಆದರೂ ತಿಂಗಳ ಕೊನೆಗೆ ಕೈ ಖಾಲಿ. ತಪ್ಪು ನನ್ನದೇನಾ?

ಉತ್ತರ: ತಮ್ಮಾ, ತಪ್ಪು ನಿನ್ನದಲ್ಲ. ಅಪ್ಪ ಹೇಳುವುದೂ ಸುಳ್ಳಲ್ಲ. ಇಬ್ಬರೂ ಬೇರೆ ಬೇರೆ ಲೆಕ್ಕ ಹಿಡಿದುಕೊಂಡು ಮಾತಾಡುತ್ತಿದ್ದೀರಿ, ಅಷ್ಟೇ.

ಬಂಗಾರದಿಂದ ಶುರು ಮಾಡೋಣ, ಅದು ನಮ್ಮ ಕಡೆ ಎಲ್ಲರಿಗೂ ಬೇಗ ತಿಳಿಯುತ್ತದೆ. 1995ರಲ್ಲಿ 10 ಗ್ರಾಂ ಬಂಗಾರಕ್ಕೆ 5 ಸಾವಿರದೊಳಗೆ ಇತ್ತು. ಅಪ್ಪನ ಒಂದು ತಿಂಗಳ ಸಂಬಳಕ್ಕೆ 6 ಗ್ರಾಂ ಬರುತ್ತಿತ್ತು. 2025ರಲ್ಲಿ ಅದೇ 10 ಗ್ರಾಂ ಒಂದು ಲಕ್ಷ ದಾಟಿತು. ನಿನ್ನ ಸಂಬಳ ಅಪ್ಪನದಕ್ಕಿಂತ ಹತ್ತು ಪಟ್ಟು, ಆದರೆ ಅದಕ್ಕೆ 3 ಗ್ರಾಂ ಕೂಡ ಬರುವುದಿಲ್ಲ. ಬಂಗಾರ ಒಂದೇ ಅಳತೆಯಲ್ಲ ಎನ್ನುವುದು ನನಗೂ ಗೊತ್ತು, ಫೋನು, ಟಿವಿ ಎಲ್ಲ ಈಗ ಸಂಬಳದ ಲೆಕ್ಕದಲ್ಲಿ ಅಗ್ಗವೇ. ಆದರೆ ಫೋನಿನಲ್ಲಿ ವಾಸ ಮಾಡಲಿಕ್ಕೆ ಆಗುವುದಿಲ್ಲ, ಅಲ್ವಾ?

ಇನ್ನು ಮನೆ. ಕುಮಟಾದಲ್ಲಿ ನನ್ನ ಅಪ್ಪನೂ ಚಿರೆಕಲ್ಲಿನ ಮನೆ ಕಟ್ಟಿದರು. ಜಾಗ ಅಜ್ಜನದು. ಅಕ್ಕಿ ಗದ್ದೆಯಿಂದ, ಕಾಯಿ ಹಿತ್ತಲಿನಿಂದ. ಮಣ್ಣು ಹೊತ್ತದ್ದು ಆಯಿ ಮತ್ತು ಚಿಕ್ಕಪ್ಪಂದಿರು, ಅವರಿಗೆ ಯಾರೂ ಕೂಲಿ ಕೊಡಲಿಲ್ಲ. ಇದ್ಯಾವುದೂ ಸಂಬಳದ ಚೀಟಿಯಲ್ಲಿ ಕಾಣುವುದಿಲ್ಲ. ನಿನ್ನ ಅಪ್ಪನ ಮನೆಯ ಜಾಗ ಯಾರದ್ದಾಗಿತ್ತು, ಒಮ್ಮೆ ಕೇಳು. ನೀನು ಬೆಂಗಳೂರಿನಲ್ಲಿ ಕೊತ್ತಂಬರಿ ಸೊಪ್ಪಿಗೂ ದುಡ್ಡು ಕೊಡುವವನು.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಪಿಂಚಣಿ. ಅಪ್ಪನಿಗೆ ಕೊನೆಯ ಮೂಲ ವೇತನದ ಅರ್ಧದಷ್ಟು ತಿಂಗಳು ತಿಂಗಳು ಬರುತ್ತದೆ, ಮೇಲೆ ತುಟ್ಟಿಭತ್ಯೆ. 2006ರ ಏಪ್ರಿಲ್ 1ರಿಂದ ಈಚೆಗೆ ರಾಜ್ಯ ಸರಕಾರಿ ಕೆಲಸಕ್ಕೆ ಸೇರಿದವರನ್ನು ಮಾತ್ರ, ಇಂಥ ಖಾತರಿ ಇಲ್ಲದ ಹೊಸ ಪಿಂಚಣಿ ಯೋಜನೆಯಾದ ಎನ್‌ಪಿಎಸ್‌ಗೆ ಹಾಕಿದರು. ನಿನ್ನಂಥ ಖಾಸಗಿ ನೌಕರನಿಗೆ ಇಪಿಎಫ್ (ಭವಿಷ್ಯ ನಿಧಿ) ಪಿಂಚಣಿಯನ್ನು ಲೆಕ್ಕ ಹಾಕುವುದು ತಿಂಗಳಿಗೆ 15 ಸಾವಿರ ಸಂಬಳದ ಮಿತಿಯ ಮೇಲೆ. 30 ವರ್ಷ ದುಡಿದರೂ ಆ ಲೆಕ್ಕದಲ್ಲಿ ತಿಂಗಳಿಗೆ 7 ಸಾವಿರ ಮುಟ್ಟುವುದಿಲ್ಲ. ಅಂದರೆ ಮುದಿತನದ ದುಡ್ಡನ್ನು ನೀನು ಈಗಿನಿಂದಲೇ ತೆಗೆದಿಡಬೇಕು. ಅಪ್ಪನಿಗೆ ಆ ಚಿಂತೆ ಇರಲಿಲ್ಲ. ಅವರು ಉಳಿಸಿದ ದುಡ್ಡೂ ಬೇಗ ಬೆಳೆಯುತ್ತಿತ್ತು: ಆಗ ಸರಕಾರದ ಉಳಿತಾಯ ಯೋಜನೆ ಪಿಪಿಎಫ್‌ಗೆ 12% ಬಡ್ಡಿ, 6 ವರ್ಷಕ್ಕೆ ದುಪ್ಪಟ್ಟು. 2020ರಿಂದ ಅದು 7.1%, ದುಪ್ಪಟ್ಟಾಗಲು 10 ವರ್ಷ ಬೇಕು.

ಮುಂದಿನ ಸಲ ಊರಿಗೆ ಹೋದಾಗ ಜಗಳ ಬೇಡ. ಅಪ್ಪ ಮಾಸ್ತರರು, ಲೆಕ್ಕ ತೋರಿಸಿದರೆ ಖಂಡಿತ ನೋಡುತ್ತಾರೆ. ಒಂದೇ ಹಾಳೆಯಲ್ಲಿ ಅವರ 1995ರ ಖರ್ಚು, ಪಕ್ಕದಲ್ಲಿ ನಿನ್ನ ಈ ತಿಂಗಳಿನದು. ಅವರದನ್ನು ಅವರ ಕೈಯಲ್ಲೇ ಬರೆಸು, ಜೋಯಿಡಾದ ದಿನಗಳನ್ನೂ ಕೇಳು. ಅವರ ಕಷ್ಟವನ್ನು ನೀನು ಸಣ್ಣದು ಮಾಡಿದ ಹಾಗೆ ಆಗಬಾರದು. ಮತ್ತೆ, ಯಾರದೋ ಬಾಯಿ ಮುಚ್ಚಿಸಲಿಕ್ಕೆ ಈಗಲೇ ಗೃಹಸಾಲ ಮಾತ್ರ ತೆಗೆಯಬೇಡ. ಮೊದಲು ಮೂರು ತಿಂಗಳ ಖರ್ಚು ಕೈಯಲ್ಲಿ ಇರಲಿ.

ಪ್ರಶ್ನೆ: ಮಗ ಎಂಜಿನಿಯರ್ ಕೆಲಸ ಬಿಟ್ಟು ಶಿರಸಿಯ ನಮ್ಮ ಎರಡು ಎಕರೆ ಅಡಿಕೆ ತೋಟಕ್ಕೆ ಬರುತ್ತೇನೆ ಎನ್ನುತ್ತಾನೆ. ಬೇಡ ಎನ್ನಲೇ?

ಉತ್ತರ: ಬೇಡ ಎನ್ನಬೇಡಿ ಆಯಿ, ಆದರೆ ಸುಮ್ನೆ ಹೂಂ ಎಂದೂ ಹೇಳಬೇಡಿ. ಕಳೆದ ಐದು ವರ್ಷದ ತೋಟದ ಲೆಕ್ಕ ಮಗನ ಮುಂದೆ ಇಡಿ. ಕೊಳೆರೋಗದಲ್ಲಿ ಎಷ್ಟು ಉದುರಿತು, ಎಲೆಚುಕ್ಕಿಗೆ ಔಷಧಿ ಹೊಡೆಸಿದ್ದು ಎಷ್ಟು, ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡನಿಗೆ ಕೊಟ್ಟಿದ್ದೆಷ್ಟು, ಎಲ್ಲ. ದರ ಏರಿದ ವರ್ಷ ಒಂದನ್ನೇ ತೋರಿಸಿದರೆ ಮೋಸ ಮಾಡಿದಂತೆ. ನೋಡಿದ ಮೇಲೂ ಬರುತ್ತೇನೆ ಎಂದರೆ ಬರಲಿ. ಆಗ ತಿಂಗಳಿಗೆ ಇಷ್ಟು ಎಂದು ಅವನ ಹೆಸರಿನ ಖಾತೆಗೆ ಹಾಕಿ. ಮೂವತ್ತು ದಾಟಿದ ಮಗ ಪೆಟ್ರೋಲಿಗೆ ಅಪ್ಪನ ಮುಂದೆ ಕೈ ಚಾಚುವ ಹಾಗೆ ಆಗಬಾರದು.