ಆಪರೇಷನ್ ವೇಳೆ ‘ಇಲ್ಲ’ ಅಂದರು, ಆಮೇಲೆ ‘ಇದೆ’ ಅಂದರು: ಯಾವುದನ್ನು ನಂಬಬೇಕು?

ಪ್ರಶ್ನೆ: ಅಕ್ಕನಿಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಯಿತು. ಕಂಕುಳಿನ ಗ್ರಂಥಿಯನ್ನು ಆಗಲೇ ಪರೀಕ್ಷಿಸಿ ಕ್ಯಾನ್ಸರ್ ಇಲ್ಲ ಅಂದರು. ಹತ್ತು ದಿನದ ನಂತರ ಬಂದ ರಿಪೋರ್ಟಿನಲ್ಲಿ 1.2 ಮಿ.ಮೀ. ಕ್ಯಾನ್ಸರ್ ಇದೆ ಎಂದಿದೆ. ಯಾರ ತಪ್ಪು? ಮತ್ತೆ ಆಪರೇಷನ್ ಬೇಕಾ?

ಉತ್ತರ: ನಿಮ್ಮ ಗಾಬರಿ ನನಗೆ ಅರ್ಥವಾಗುತ್ತದೆ. ಆದರೆ ಎರಡು ರಿಪೋರ್ಟ್ ಬೇರೆ ಬೇರೆಯಾದ ಮಾತ್ರಕ್ಕೆ ಯಾರೋ ತಪ್ಪು ಮಾಡಿದರು ಅಂತಲ್ಲ.

ಆಪರೇಷನ್ ನಡೆಯುವಾಗ ಮಾಡುವುದು ಫ್ರೋಜನ್ ಸೆಕ್ಷನ್. ಗ್ರಂಥಿಯನ್ನು ಹೆಪ್ಪುಗಟ್ಟಿಸಿ, ಒಂದೆರಡು ತೆಳು ಪದರ ಕತ್ತರಿಸಿ, ಅವಸರದಲ್ಲಿ ನೋಡುತ್ತೇವೆ. ಹೆಪ್ಪುಗಟ್ಟಿದಾಗ ಜೀವಕೋಶಗಳ ಆಕಾರ ಕೆಡುತ್ತದೆ. 1.2 ಮಿ.ಮೀ. ಚುಕ್ಕೆ ನಾವು ಕತ್ತರಿಸಿದ ಪದರದಲ್ಲಿ ಸಿಗದೆಯೂ ಇರಬಹುದು. ಆಮೇಲೆ ಅದೇ ಗ್ರಂಥಿಯನ್ನು ಮೇಣದಲ್ಲಿ ಕೂರಿಸಿ ಇನ್ನಷ್ಟು ಪದರ ನೋಡಿದಾಗ ಕಾಣುತ್ತದೆ. ಹಾಗಾಗಿ ಕೊನೆಯ ರಿಪೋರ್ಟನ್ನೇ ನಂಬಿ.

ಲೋಬ್ಯುಲರ್ ಎಂಬ ಬಗೆಯ ಸ್ತನ ಕ್ಯಾನ್ಸರ್ ಆದರೆ ಗುರುತಿಸುವುದು ಇನ್ನೂ ಕಷ್ಟ. ಅದರ ಕೋಶಗಳು ಗುಂಪು ಕಟ್ಟದೆ ಒಂದೊಂದಾಗಿ ಹರಡಿರುತ್ತವೆ, ಸಣ್ಣಗಿರುತ್ತವೆ, ಗ್ರಂಥಿಯ ಸ್ವಂತ ಕೋಶಗಳಂತೆಯೇ ಕಾಣುತ್ತವೆ. ಅನುಭವಿಗಳ ಕಣ್ಣೂ ಮೋಸ ಹೋಗುತ್ತದೆ. ಅನುಮಾನ ಬಂದರೆ ಇಂಥ ಕೋಶಗಳನ್ನು ಎತ್ತಿ ತೋರಿಸುವ ಕೆರಾಟಿನ್ ಬಣ್ಣ ಹಾಕಿ ನೋಡಬೇಕು.

ಉಲ್ಟಾ ತಪ್ಪೂ ಆಗುತ್ತದೆ, ಅಂದರೆ ಇಲ್ಲದ ಕ್ಯಾನ್ಸರನ್ನು ಇದೆ ಅನ್ನುವುದು, ಅದೇ ನನಗೆ ಜಾಸ್ತಿ ಭಯ. ಗ್ರಂಥಿಯ ಹೊರಪೊರೆಯಲ್ಲಿ ಮಚ್ಚೆಯ ಕೋಶಗಳಿರಬಹುದು. ಅಪರೂಪಕ್ಕೆ ನಿರಪಾಯಕಾರಿ ಸ್ತನ ಗ್ರಂಥಿಯ ತುಣುಕೂ ಇರುತ್ತದೆ. ಬಯಾಪ್ಸಿ ಸೂಜಿ ತಳ್ಳಿದ ಕೋಶಗಳು ಅಲ್ಲಿಗೆ ಬಂದು ಕೂತಿರಬಹುದು. ಕೆರಾಟಿನ್ ಬಣ್ಣವೂ ಗ್ರಂಥಿಯ ಕೆಲವು ಸಹಜ ಕೋಶಗಳಿಗೆ ಅಂಟಿಕೊಳ್ಳುತ್ತದೆ. ಅದಕ್ಕೇ ಮೂಲ ಗಡ್ಡೆಯ ಸ್ಲೈಡ್ ಪಕ್ಕದಲ್ಲಿಟ್ಟು ಹೋಲಿಸದೆ ತೀರ್ಮಾನ ಕೊಡಬಾರದು.

ಇನ್ನು ಅಳತೆ. 0.2 ಮಿ.ಮೀ.ವರೆಗಿನ ಬಿಡಿ ಕೋಶಗಳಷ್ಟೇ ಇದ್ದರೆ ಆ ಗ್ರಂಥಿಯನ್ನು ಕ್ಯಾನ್ಸರ್ ಇಲ್ಲದ್ದು ಎಂದೇ ಎಣಿಸುತ್ತೇವೆ. ಅಲ್ಲಿಂದ 2 ಮಿ.ಮೀ.ವರೆಗೆ ಮೈಕ್ರೊಮೆಟಾಸ್ಟಾಸಿಸ್, ಅಂದರೆ ಗ್ರಂಥಿಗೆ ಹರಡಿದ ಅತಿ ಸಣ್ಣ ಕ್ಯಾನ್ಸರ್ ಚುಕ್ಕೆ, ಅಕ್ಕನದು ಇದೇ. ಬೇರೆ ಬೇರೆ ಚುಕ್ಕೆಗಳಿದ್ದರೆ ಎಲ್ಲವನ್ನೂ ಕೂಡಿಸುವುದಿಲ್ಲ, ದೊಡ್ಡದನ್ನಷ್ಟೇ ಅಳೆಯುತ್ತೇವೆ. ಇಲ್ಲಿ ಎಡವಿದರೆ ಹಂತವೇ ಬದಲಾಗುತ್ತದೆ, ಅಲ್ವಾ?

ಇಷ್ಟು ಸಣ್ಣದಕ್ಕೆ ಕಂಕುಳಿನ ಉಳಿದ ಗ್ರಂಥಿಗಳನ್ನೆಲ್ಲ ತೆಗೆಯುವ ಆಪರೇಷನ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಇಂಥ ರೋಗಿಗಳನ್ನು 10 ವರ್ಷ ಗಮನಿಸಿದ ಅಧ್ಯಯನದಲ್ಲಿ, ತೆಗೆಯದೆ ಬಿಟ್ಟವರ ಸ್ಥಿತಿ ತೆಗೆಸಿಕೊಂಡವರಿಗಿಂತ ಕೆಟ್ಟದಾಗಿರಲಿಲ್ಲ. ಆದರೆ ಅಕ್ಕನಿಗೆ ಆಪರೇಷನ್‌ಗೆ ಮೊದಲೇ ಕೀಮೋ ಕೊಟ್ಟಿದ್ದರೆ ಲೆಕ್ಕ ಬೇರೆ. ಆಗ ಉಳಿದ ಚಿಕ್ಕ ಚುಕ್ಕೆಗೂ ಬೆಲೆ ಜಾಸ್ತಿ. ಇದನ್ನು ನಿಮ್ಮ ಸರ್ಜನ್ ಹತ್ತಿರ ಮೊದಲು ಕೇಳಿ. ಮನಸ್ಸಿಗೆ ಸಮಾಧಾನ ಆಗದಿದ್ದರೆ ಸ್ಲೈಡ್ ಮತ್ತು ಮೇಣದ ಬ್ಲಾಕ್ ತೆಗೆದುಕೊಂಡು ಇನ್ನೊಬ್ಬ ಪೆಥಾಲಜಿಸ್ಟ್‌ಗೆ ತೋರಿಸಿ. ಗಡ್ಡೆಯ ಸ್ಲೈಡ್ ಮರೆಯಬೇಡಿ.