ಒಂದೂವರೆ ವರ್ಷದ ಮಗುವಿನ ನೀರಾಟವನ್ನು ಬಿಡಿಸುವುದು ಹೇಗೆ?

ಬಚ್ಚಲುಮನೆಯ ಬಾಗಿಲು ತೆರೆದಿದ್ದರೆ ಸಾಕು ನಿಮ್ಮ ಮಗಳು ಒಳಗೆ ಓಡುತ್ತಾಳೆ, ದಿನಕ್ಕೆ ನಾಲ್ಕು ಬಾರಿ ಬಟ್ಟೆ ಬದಲಾಯಿಸಬೇಕಾಗುತ್ತದೆ, ಗದರಿಸಿದರೆ ನಗುತ್ತಾಳೆ, ಶೀತವಾಗುತ್ತದೆ ಎಂದು ಅತ್ತೆಯವರು ದಿನವೂ ಹೇಳುತ್ತಾರೆ, ಹೀಗಿರುವಾಗ ಬಿಡಿಸುವುದು ಹೇಗೆ ಎಂದು ಕೇಳಿದ್ದೀರಿ. ಬಿಡಿಸುವ ಉಪಾಯ ನನಗಂತೂ ಸಿಗಲಿಲ್ಲ. ನನ್ನ ಮಗನಿಗೆ ಈಗ ಮೂರು ವರ್ಷ ದಾಟಿದೆ. ಅವನ ನೀರಾಟಕ್ಕೆ ಒಂದು ಹೊತ್ತು, ಒಂದು ಜಾಗ ಮತ್ತು ಒಂದು ಅಳತೆಯನ್ನು ಗೊತ್ತುಮಾಡಿದ ಮೇಲೆ ಮನೆಗೆ ಸ್ವಲ್ಪ ನೆಮ್ಮದಿ ಬಂತು. ಆ ಅನುಭವವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮವನ ಕಿಲಾಡಿತನದ ಒಂದು ಪ್ರಸಂಗವನ್ನು ಮೊದಲು ಹೇಳಿಬಿಡುತ್ತೇನೆ. ಅವನಿಗೆ ಒಂದೂವರೆ ವರ್ಷವಿದ್ದಾಗ, ಮದುವೆಗೆಂದು ಇಸ್ತ್ರಿ ಮಾಡಿದ ರೇಷ್ಮೆ ಪಂಚೆಯುಟ್ಟು ನಿಂತಿದ್ದ ಅವನ ತಾತ ಕೈ ತೊಳೆಯಲು ಬಚ್ಚಲಿಗೆ ಹೋದರು. ಹಿಂದೆಯೇ ಹೋದ ಮೊಮ್ಮಗ ಗೋಡೆಗೆ ಸಿಕ್ಕಿಸಿದ್ದ ಹೆಲ್ತ್ ಫಾಸೆಟನ್ನು ಎರಡೂ ಕೈಯಲ್ಲಿ ಕಿತ್ತುಕೊಂಡು, ಅದರ ಗುಂಡಿಯನ್ನು ಒತ್ತಿ, ತಾತನ ಸೊಂಟದಿಂದ ಪಾದದವರೆಗೆ ನೆನೆಸಿದ. ಅವರು ಕೂಗಿದಷ್ಟೂ ಅವನು ಇನ್ನಷ್ಟು ಗಟ್ಟಿಯಾಗಿ ಒತ್ತಿದ. ಗದರುವುದೂ ಅವನಿಗೆ ಆಟದ ಒಂದು ಭಾಗವೇ ಎಂಬುದು ನನಗೆ ಮನದಟ್ಟಾದದ್ದು ಆ ದಿನ. ಗುಂಡಿ ಒತ್ತಿದರೆ ನೀರು ಬರುತ್ತದೆ, ನೀರು ಬಂದರೆ ತಾತ ಕುಣಿಯುತ್ತಾರೆ. ಆ ವಯಸ್ಸಿನ ಮಗುವಿಗೆ ಇದಕ್ಕಿಂತ ದೊಡ್ಡ ಸೋಜಿಗ ಬೇರೇನಿದೆ?

ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ತಮ್ಮ ಮೂವರು ಮಕ್ಕಳನ್ನೇ ಹತ್ತಿರದಿಂದ ಗಮನಿಸಿ, ಸುಮಾರು 12ರಿಂದ 18 ತಿಂಗಳ ಮಗು ಒಂದೇ ಕೆಲಸವನ್ನು ಪ್ರತಿ ಬಾರಿಯೂ ಕೊಂಚ ಬದಲಿಸಿ ಮಾಡುತ್ತ, ಏನಾಗುತ್ತದೆ ಎಂದು ಪರೀಕ್ಷಿಸುತ್ತದೆ ಎಂದು ಬರೆದಿದ್ದಾರೆ. ನೀರಿನಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ನನ್ನ ಮಗ ಸ್ಟೀಲ್ ಲೋಟವನ್ನು ಬೋರಲಾಗಿ, ತುಸು ಓರೆಮಾಡಿ ನೀರಿನೊಳಗೆ ಒತ್ತಿ, ಅದು ಗುಳುಕ್ ಎಂದು ಗುಳ್ಳೆ ಬಿಟ್ಟಾಗ ಬೆಚ್ಚಿ, ಮತ್ತೆ ಒತ್ತಿ, ಆಮೇಲೆ ನೇರವಾಗಿ ಒತ್ತಿ, ಗುಳ್ಳೆ ಬಾರದಿದ್ದಾಗ ಲೋಟದೊಳಗೆ ಇಣುಕಿ ನೋಡಿದ. ಚಹಾ ಸೋಸುವ ಜಾಲರಿಯಲ್ಲಿ ನೀರು ಮೊಗೆದು ಅದು ಬರಿದಾಗುವುದನ್ನು ಕಂಡು ನನ್ನ ಮುಖ ನೋಡಿದ, ನಾನೇ ಕದ್ದೆನೇನೋ ಎಂಬಂತೆ. ಆಡುವಾಗ ಅವನು ಉಸಿರು ಬಿಗಿಹಿಡಿದು, ತುಟಿ ಮುಂದೆ ಚಾಚಿಕೊಂಡು, ಅಕ್ಕಸಾಲಿಗನಷ್ಟು ತನ್ಮಯನಾಗಿರುತ್ತಿದ್ದ. ಬೇರೆ ಯಾವ ಆಟಿಕೆಯೂ ಅವನನ್ನು ಅಷ್ಟು ಹೊತ್ತು ಒಂದೇ ಕಡೆ ಕೂರಿಸಲಿಲ್ಲ.

ಇನ್ನು ಶೀತದ ಮಾತು. ನೆಗಡಿಯನ್ನು ತರುವುದು ವೈರಸ್. ಬಹುಪಾಲು ಅದು ಮನೆಯವರಿಂದ, ನೆಂಟರಿಂದ ಅಥವಾ ಓರಗೆಯ ಮಕ್ಕಳಿಂದ ಬರುತ್ತದೆಯೇ ಹೊರತು ಬಕೆಟ್ಟಿನಿಂದ ಬರುವುದಿಲ್ಲ. ಹಾಗೆಂದು ನಿಮ್ಮ ಅತ್ತೆಯವರ ಕಾಳಜಿಯನ್ನು ಪೂರ್ತಿ ತಳ್ಳಿಹಾಕಬೇಡಿ. ತೂಕಕ್ಕೆ ಹೋಲಿಸಿದರೆ ಪುಟ್ಟ ಮಕ್ಕಳ ಮೈಯ ಹರವು ನಮಗಿಂತ ಹೆಚ್ಚಾದ್ದರಿಂದ ಅವರ ದೇಹದ ಶಾಖ ಬೇಗ ಇಳಿಯುತ್ತದೆ. ಒದ್ದೆ ಬಟ್ಟೆಯಲ್ಲಿ ಫ್ಯಾನಿನ ಕೆಳಗೆ ಬಿಡದೆ, ತುಟಿ ಬಿಳಿಚಿದರೆ ಅಥವಾ ಮೈ ನಡುಗಿದರೆ ಕೂಡಲೇ ಆಟ ನಿಲ್ಲಿಸಿ ಒಣಬಟ್ಟೆ ಹಾಕಿದರೆ ಸಾಕು. ನಮ್ಮ ಅತ್ತೆಯವರಿಗೆ ಇದನ್ನು ವಾದ ಮಾಡಿ ಒಪ್ಪಿಸಲು ನನಗೆ ಆಗಲಿಲ್ಲ. ಟವೆಲ್ ಹಿಡಿದು ಕಾಯುವ ಕೆಲಸವನ್ನು ಅವರಿಗೇ ವಹಿಸಿದ ಮೇಲೆ ಆ ಮಾತು ತಾನಾಗಿಯೇ ಕಡಿಮೆಯಾಯಿತು.

ನಿಜವಾಗಿ ಭಯಪಡಬೇಕಾದ ವಿಷಯವೊಂದಿದೆ, ಅದನ್ನು ನೀವು ಕೇಳಿಲ್ಲ. ಒಂದು ದಿನ ನಾನು ಬಟ್ಟೆ ಜಾಲಿಸಿ ಅರ್ಧ ಬಕೆಟ್ ನೀರನ್ನು ಬಚ್ಚಲಲ್ಲೇ ಬಿಟ್ಟು, ಕರೆಗಂಟೆ ಬಾರಿಸಿದ್ದಕ್ಕೆ ಬಾಗಿಲವರೆಗೆ ಹೋಗಿ ಪಾರ್ಸೆಲ್ ತೆಗೆದುಕೊಂಡು ಬಂದೆ. ಅಷ್ಟರೊಳಗೆ ಮಗ, ಮುಳುಗಿಹೋಗಿದ್ದ ಚೊಂಬನ್ನು ಎತ್ತಿಕೊಳ್ಳಲು ಬಾಗಿ, ಹೊಟ್ಟೆಯನ್ನು ಬಕೆಟ್ಟಿನ ಅಂಚಿಗೆ ಆನಿಸಿದ್ದ. ಅವನ ಎರಡೂ ಪಾದಗಳು ನೆಲ ಬಿಟ್ಟಿದ್ದವು. ಮುಖ ಇನ್ನೂ ನೀರಿಗೆ ತಾಗಿರಲಿಲ್ಲವಷ್ಟೆ. ನನ್ನನ್ನು ಇಂದಿಗೂ ಕಾಡುವುದು, ಆ ಹೊತ್ತಿನಲ್ಲಿ ಬಚ್ಚಲಿನಿಂದ ಒಂದಿಷ್ಟೂ ಸದ್ದು ಬರದಿದ್ದದ್ದು. ಆ ವಯಸ್ಸಿನಲ್ಲಿ ಮೈಗೆ ಹೋಲಿಸಿದರೆ ತಲೆ ಭಾರ. ಮುಂದಕ್ಕೆ ವಾಲಿದ ಮಗು ತನ್ನಷ್ಟಕ್ಕೆ ಮೇಲೇಳಲಾರದು, ಮೂಗು ಬಾಯಿ ಮುಳುಗಿದ ಮೇಲೆ ಕೂಗಲೂ ಆರದು. ಎರಡು ಅಂಗುಲ ನೀರೂ ಇದಕ್ಕೆ ಸಾಕು. ಮುಳುಗಿ ಸಾಯುವವರ ಪ್ರಮಾಣ 1ರಿಂದ 4 ವರ್ಷದ ಮಕ್ಕಳಲ್ಲೇ ಅತಿ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದ ಕೆಲಸವಾದ ಕೂಡಲೇ ಬಕೆಟನ್ನು ಬರಿದುಮಾಡಿ ಬೋರಲು ಹಾಕಿರಿ, ನೀರು ಹಿಡಿದಿಡಲೇಬೇಕಾದ ಡ್ರಮ್ಮಿಗೆ ಭದ್ರವಾದ ಮುಚ್ಚಳವಿರಲಿ, ಸಂಪಿನ ಮುಚ್ಚಳಕ್ಕೆ ಬೀಗವಿರಲಿ, ಬಚ್ಚಲಿನ ಬಾಗಿಲಿಗೆ ಮಗುವಿನ ಕೈಗೆಟುಕದಷ್ಟು ಎತ್ತರದಲ್ಲಿ ಹೊರಗಿನಿಂದ ಚಿಲಕವಿರಲಿ. ಆಡುವಾಗ ಫೋನ್ ಬಂದರೆ ಬಾರಿಸಿಕೊಂಡು ಸುಮ್ಮನಾಗಲಿ, ಇಲ್ಲವೇ ಮಗುವನ್ನು ಎತ್ತಿಕೊಂಡೇ ಹೋಗಿ. ಬಿಸಿನೀರಿನ ವಿಷಯವೂ ಹಾಗೆಯೇ: ಗೀಸರಿನಲ್ಲಿ 60 ಡಿಗ್ರಿಗೆ ಕಾದ ನೀರು ಎಳೆಯ ಚರ್ಮವನ್ನು ಕೆಲವೇ ಸೆಕೆಂಡುಗಳಲ್ಲಿ ಆಳವಾಗಿ ಸುಡುತ್ತದೆ. ಬಕೆಟ್ಟಿಗೆ ಹೀಟರ್ ಕಾಯಿಲ್ ಇಳಿಬಿಡುವ ಅಭ್ಯಾಸವನ್ನು ಮಗು ದೊಡ್ಡದಾಗುವವರೆಗಾದರೂ ಕೈಬಿಡಿ.

ಅಳತೆಯ ಪಾಠವನ್ನು ನನಗೆ ಕಲಿಸಿದ್ದು 2024ರ ಮಾರ್ಚ್ ತಿಂಗಳು. ಬೆಂಗಳೂರಿನಲ್ಲಿ ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತ್ತು. ಟ್ಯಾಂಕರಿಗೆ ಕಾದು ಕೂರುತ್ತಿದ್ದ ಆ ದಿನಗಳಲ್ಲಿ, ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪಾಗಿ ಬರುವ ಕಾವೇರಿ ನೀರನ್ನು ಈ ಪೋರ ಸೌಟಿನಲ್ಲಿ ನೆಲಕ್ಕೆ ಚೆಲ್ಲುವುದನ್ನು ನೋಡಲು ಹೊಟ್ಟೆ ಉರಿಯುತ್ತಿತ್ತು. ಕೊನೆಗೆ ವಾಟರ್ ಪ್ಯೂರಿಫೈಯರಿನಿಂದ ಹೊರಬೀಳುವ ನೀರನ್ನು ಹಿಡಿದಿಟ್ಟು, ಅದರಲ್ಲಿ ಎರಡು ಲೀಟರನ್ನು ಮಾತ್ರ ಅಗಲವಾದ ಬೋಗುಣಿಗೆ ಸುರಿದು ಕೊಡಲಾರಂಭಿಸಿದೆ. ಬಾಲ್ಕನಿಯಲ್ಲಿ ಹಳೆಯ ಹತ್ತಿ ಬೆಡ್‌ಶೀಟ್ ಹಾಸಿ, ಬೋಗುಣಿಯ ಪಕ್ಕದಲ್ಲಿ ಒಂದು ಸೌಟು, ಒಂದು ಜಾಲರಿ, ಎರಡು ಲೋಟ ಮತ್ತು ಒಂದು ಸ್ಪಂಜು ಇಟ್ಟು, ಸಂಜೆ ನಾಲ್ಕೂವರೆಗೆ ಅವನನ್ನು ಕೂರಿಸಿ ನಾನು ಪಕ್ಕದಲ್ಲೇ ಅವರೆಕಾಯಿಯನ್ನೋ ಬಟಾಣಿಯನ್ನೋ ಸುಲಿಯುತ್ತಿದ್ದೆ. ನೀರು ಮುಗಿದರೆ ಆಟ ಮುಗಿಯಿತು, ಮತ್ತೆ ತುಂಬಿಸುವುದಿಲ್ಲ. ಮೊದಲ ಮೂರು ದಿನ ಬೀದಿಗೆಲ್ಲ ಕೇಳುವಂತೆ ರಚ್ಚೆ ಹಿಡಿದ. ಹದಿನೈದು ದಿನಗಳಾಗುವಷ್ಟರಲ್ಲಿ ಚೆಲ್ಲುವುದನ್ನು ಬಿಟ್ಟು, ಒಂದು ಲೋಟದಿಂದ ಇನ್ನೊಂದಕ್ಕೆ ಮೆಲ್ಲಗೆ ಬಗ್ಗಿಸುತ್ತಿದ್ದ, ಏಕೆಂದರೆ ಚೆಲ್ಲಿದರೆ ತನಗೇ ನಷ್ಟ ಎಂಬ ಲೆಕ್ಕ ಅವನಿಗೆ ಸಿಕ್ಕಿತ್ತು. ಬೆಳಗಿನ ಹೊತ್ತು ಬಚ್ಚಲಿನ ಬಾಗಿಲು ಬಡಿಯುವುದೂ ತಾನಾಗಿ ಕಡಿಮೆಯಾಯಿತು.

ಆಟದ ಪಾತ್ರೆಗಳಲ್ಲಿ ನೀರು ಉಳಿಯದಂತೆ ನೋಡಿಕೊಳ್ಳಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ನಿಂತ ತಿಳಿನೀರಿನಲ್ಲೇ ಮೊಟ್ಟೆಯಿಡುತ್ತದೆ, ವಾರ ಹತ್ತು ದಿನಗಳಲ್ಲಿ ಮರಿ ಸೊಳ್ಳೆಯಾಗಿ ಹಾರುತ್ತದೆ. ಬಾಲ್ಕನಿಯ ಮೂಲೆಯಲ್ಲಿ ಮರೆತುಹೋದ ಒಂದು ಆಟಿಕೆ ಬಕೆಟ್ಟೇ ಅದಕ್ಕೆ ಸಾಕು.

ಆಟವನ್ನು ಮುಗಿಸುವ ಘಳಿಗೆಯೇ ಎಲ್ಲಕ್ಕಿಂತ ಕಷ್ಟದ್ದು. ಮಗುವಿನ ಕೈಯಿಂದ ಲೋಟವನ್ನು ಕಿತ್ತುಕೊಂಡರೆ ಜಗಳ ಖಂಡಿತ. ನಾನು ಕೊನೆಯ ಲೋಟದ ನೀರನ್ನು ಕರಿಬೇವಿನ ಗಿಡಕ್ಕೆ ಹಾಕುವ ಕೆಲಸವನ್ನು ಅವನಿಗೇ ಬಿಟ್ಟುಕೊಟ್ಟೆ. ಎರಡೂ ಕೈಯಲ್ಲಿ ಲೋಟ ಹಿಡಿದು, ನಾಲಿಗೆ ಹೊರಗೆ ಚಾಚಿ, ಆರು ಹೆಜ್ಜೆಯ ದೂರವನ್ನು ತುಳುಕಿಸದೆ ದಾಟುವುದರಲ್ಲಿ ಅವನು ಅಳುವುದನ್ನೇ ಮರೆಯುತ್ತಿದ್ದ. ಒಂದು ತೊಡಕೇನೆಂದರೆ, ಒಂದೇ ಲೋಟಕ್ಕೆ ಮುಗಿಯಬೇಕಾದ ಸೇವೆ ಕೆಲವು ದಿನ ಹಲವು ಲೋಟಗಳಿಗೂ ಹೋಗಿ, ಕರಿಬೇವಿನ ಎಲೆಗಳು ಹಳದಿಯಾಗತೊಡಗಿದವು. ಈಗ ನಮ್ಮ ಅತ್ತೆಯವರು ಗಿಡಗಳಿಗೆ ಸರದಿ ಹಾಕಿದ್ದಾರೆ. ಇವತ್ತು ದಾಸವಾಳದ ದಿನ.