ಫ್ರಾನ್ಸ್ ಆಸ್ಪತ್ರೆಯ ಕಾಗದವನ್ನು ಇಂಗ್ಲಿಷಿಗೆ ತರುವಾಗ

ಫ್ರಾನ್ಸಿಗೆ ಬಂದು ಮನೆ ಹೂಡುತ್ತಿರುವಾಗಲೇ, ನಿಮ್ಮನ್ನು ನೋಡಲು ಬಂದ ಅಮ್ಮನವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು ಎಂದು ಓದಿ ಸಂಕಟವಾಯಿತು. ಕಾಲು ಕೆಂಪಾಗಿ ಊದಿ, ಚಳಿಜ್ವರ ಬಂದು, ಈಗ ಗುಣವಾಗುತ್ತಿದೆ ಅಂದಿರಿ. ಅದೇ ಮೊದಲ ಸಮಾಧಾನ. ವಿಮೆಯವರು ಆಸ್ಪತ್ರೆಯ ಫ್ರೆಂಚ್ ಕಾಗದದ ಇಂಗ್ಲಿಷ್ ಪ್ರತಿ ಕೇಳಿದ್ದಾರೆ, ಅದನ್ನು ಅನುವಾದದ ಮೊಬೈಲ್ ಆಪ್‌ಗೆ ಹಾಕಿದರೆ ಅಮ್ಮನಿಗೆ ಹಿಂದೆ ಆಂಥ್ರಾಕ್ಸ್ ಬಂದಿತ್ತು ಎಂದು ತೋರಿಸುತ್ತಿದೆ, ಇಲ್ಲಿನ ಬದುಕೆಲ್ಲ ಹೀಗೇನಾ ಎಂದು ಕೇಳಿದ್ದೀರಿ. ನಾನು ಇಲ್ಲಿ ನೆಲೆಸಿ ಆಸ್ಪತ್ರೆ ಕಾಗದಗಳ ಅನುವಾದವನ್ನೇ ಕೆಲಸ ಮಾಡಿಕೊಂಡವಳು. ತಿಳಿದಷ್ಟು ಹೇಳುತ್ತೇನೆ.

ಮೊದಲು ಆ ಆಂಥ್ರಾಕ್ಸ್ ಭಯ ಬಿಡಿ. ಫ್ರೆಂಚ್ ವೈದ್ಯರು 'ಆಂತ್ರಾಕ್ಸ್' ಎಂದು ಬರೆಯುವುದು ಹಲವು ಕುರುಗಳು ಒಂದಕ್ಕೊಂದು ಕೂಡಿಕೊಂಡು ಆಳದವರೆಗೆ ಕೀವು ತುಂಬಿಕೊಂಡ ಗಡ್ಡೆಗೆ. ಅದಕ್ಕೆ ಇಂಗ್ಲಿಷಿನಲ್ಲಿ ಕಾರ್ಬಂಕಲ್. ಸಕ್ಕರೆ ಕಾಯಿಲೆ ಇರುವವರಿಗೆ ಕತ್ತಿನ ಹಿಂಭಾಗದಲ್ಲಿ ಏಳುವುದುಂಟು. ಸಾಮಾನ್ಯವಾಗಿ ಅದಕ್ಕೆ ಕಾರಣ ಸ್ಟಫಿಲೊಕಾಕಸ್ ಔರಿಯಸ್, ಇಲ್ಲಿನವರ ಬಾಯಲ್ಲಿ 'ಸ್ತಾಫಿಲೊಕೋಕ್ ದೊರೇ'. ದನಕುರಿಗಳಿಂದ ಮನುಷ್ಯರಿಗೆ ಹರಡುವ, ಇಂಗ್ಲಿಷಿನವರು ಆಂಥ್ರಾಕ್ಸ್ ಎನ್ನುವ ರೋಗಕ್ಕೆ ಫ್ರೆಂಚ್ ಹೆಸರು 'ಶಾರ್ಬೋಂ'. ಲೂಯಿ ಪಾಶ್ಚರ್ 1881ರಲ್ಲಿ ಪುಯಿ-ಲ-ಫೋರ್‌ನಲ್ಲಿ ಕುರಿಗಳಿಗೆ ಲಸಿಕೆ ಹಾಕಿ ತೋರಿಸಿದ್ದು ಈ ಶಾರ್ಬೋಂ ರೋಗಕ್ಕೇ. ನಿಮ್ಮ ಕಾಗದದಲ್ಲಿ 'ಆಂತೆಸೆದಾಂ', ಅಂದರೆ ಹಿಂದಿನ ಕಾಯಿಲೆಗಳು ಎಂಬ ಸಾಲಿನಲ್ಲಿ 'ಕತ್ತಿನ ಆಂತ್ರಾಕ್ಸ್' ಎಂದಿದ್ದರೆ 'ಕಾರ್ಬಂಕಲ್ ಆಫ್ ದಿ ನೇಪ್ ಆಫ್ ದಿ ನೆಕ್' ಎಂದು ಬರೆಯಿರಿ. ಆಪ್ ಕೊಟ್ಟ ಪದ ಹಾಗೇ ಹೋದರೆ ವಿಮೆಯ ಕಚೇರಿಯಲ್ಲಿ ಕಡತ ಅಲ್ಲೇ ನಿಂತುಬಿಡುತ್ತದೆ.

ಈಗ ಮುಖ್ಯ ರೋಗದ ಹೆಸರು. 'ಡೆರ್ಮೊಇಪೊಡೆರ್ಮಿತ್ ಬಾಕ್ತೆರಿಯೆನ್ ನಾನ್ ನೆಕ್ರೊಸಾಂತ್' ಎಂಬ ಅಷ್ಟುದ್ದದ ಮಾತಿನ ಅರ್ಥ ಇಷ್ಟೇ: ಚರ್ಮ ಮತ್ತು ಅದರ ಕೆಳಗಿನ ಕೊಬ್ಬಿನ ಪದರಕ್ಕೆ ಬ್ಯಾಕ್ಟೀರಿಯಾ ಸೋಂಕು ತಗಲಿದೆ, ಆದರೆ ಅಂಗಾಂಶ ಸತ್ತಿಲ್ಲ. ಇದಕ್ಕೆ ಇಂಗ್ಲಿಷ್ ವೈದ್ಯರು ಬಳಸುವ ಪದ ಸೆಲ್ಯುಲೈಟಿಸ್. ಹಳೆಯ ಫ್ರೆಂಚ್ ಕಾಗದಗಳಲ್ಲಿ ಇದನ್ನೇ 'ಎರಿಸಿಪೆಲ್' ಎಂದಿರುತ್ತದೆ. ಇಂಗ್ಲಿಷಿನಲ್ಲೂ ಎರಿಸಿಪೆಲಸ್ ಇದೆ, ಆದರೆ ಅಲ್ಲಿ ಅದು ಚರ್ಮದ ಮೇಲ್ಪದರದ, ಅಂಚು ಸ್ಪಷ್ಟವಾಗಿ ಕಾಣುವ ಸೋಂಕು. ಕಾಲಿಗೆ ಬಂದ ಫ್ರೆಂಚ್ ಎರಿಸಿಪೆಲ್ ಬಹುಪಾಲು ಇಂಗ್ಲಿಷಿನವರ ಸೆಲ್ಯುಲೈಟಿಸ್ಸೇ. ಹಾಗೆಂದು ತಿರುಗುಮುರುಗಾಗಿ 'ಸೆಲ್ಯುಲಿತ್' ಎಂದು ಇಲ್ಲಿನ ಔಷಧಿ ಅಂಗಡಿಯಲ್ಲಿ ಹೇಳಬೇಡಿ. ಬಳಕೆಯ ಮಾತಿನಲ್ಲಿ ಅದು ತೊಡೆಯ ಮೇಲಿನ ಕೊಬ್ಬಿನ ಸುಕ್ಕು, ನಿಮಗೆ ಕ್ರೀಮ್ ತೋರಿಸುತ್ತಾರೆ.

ಆ 'ನಾನ್' ಎಂಬ ಸಣ್ಣ ಪದದ ಮೇಲೆ ಬೆರಳಿಟ್ಟು ಓದಿ. ಫ್ರಾನ್ಸಿನ ಆರೋಗ್ಯ ಪ್ರಾಧಿಕಾರ 'ಓತ್ ಒತೋರಿತೆ ದ ಸಾಂತೆ' 2019ರಲ್ಲಿ ಚರ್ಮದ ಸೋಂಕುಗಳ ಬಗ್ಗೆ ಕೊಟ್ಟ ಮಾರ್ಗಸೂಚಿಯಲ್ಲೂ ಈ ಉದ್ದದ ಹೆಸರೇ ಇದೆ. ವೈದ್ಯರು ಅದನ್ನು ಡಿಎಚ್‌ಬಿಎನ್‌ಎನ್ ಎಂದು ಚುಟುಕು ಮಾಡುತ್ತಾರೆ. ಒಂದು ಎನ್ ಬಿಟ್ಟುಹೋದರೆ ಅದು ಡಿಎಚ್‌ಬಿಎನ್, ಅಂದರೆ ಅಂಗಾಂಶ ಕೊಳೆಯುವ ಸೋಂಕು. ಅದು ಸ್ನಾಯುವನ್ನು ಸುತ್ತಿದ ಪೊರೆಗೆ ಇಳಿದರೆ 'ಫಾಸಿಯಿತ್ ನೆಕ್ರೊಸಾಂತ್', ಇಂಗ್ಲಿಷಿನ ನೆಕ್ರೊಟೈಸಿಂಗ್ ಫಾಸಿಯೈಟಿಸ್. ಅದು ಗಂಟೆಗಳ ಲೆಕ್ಕದಲ್ಲಿ ಹರಡುವ, ತಕ್ಷಣ ಶಸ್ತ್ರಚಿಕಿತ್ಸೆ ಬೇಡುವ ಕಾಯಿಲೆ. ಅಮ್ಮ ಮನೆಗೆ ಬಂದ ಮೇಲೂ ಕಾಲಿನಲ್ಲಿ ಕಾಣುವುದಕ್ಕಿಂತ ಬಹಳ ಹೆಚ್ಚು ನೋವು, ನೀಲಿ ಅಥವಾ ಕಪ್ಪು ಕಲೆ, ಸ್ಪರ್ಶ ತಿಳಿಯದಿರುವುದು, ಒತ್ತಿದರೆ ಚರಚರ ಸದ್ದು, ಇಂಥದ್ದು ಯಾವುದಾದರೂ ಕಂಡರೆ ಕಾಯಬೇಡಿ, ಇಲ್ಲಿನ ತುರ್ತು ವೈದ್ಯಕೀಯ ಸಂಖ್ಯೆ 15ಕ್ಕೆ ಫೋನ್ ಮಾಡಿ. ನೋವಿಗೆಂದು ಐಬುಪ್ರೊಫೆನ್ ಕೊಡಬೇಡಿ. ಅದು ಸೋಂಕನ್ನು ಉಲ್ಬಣಗೊಳಿಸಬಹುದು ಎಂದು ಇಲ್ಲಿನ ಔಷಧ ಸಂಸ್ಥೆ 2019ರಲ್ಲೇ ಎಚ್ಚರಿಸಿದೆ.

ಉಳಿದ ಪದಗಳು ಅಷ್ಟು ಕಾಡುವುದಿಲ್ಲ. 'ತೆರೆಂ ದಿಯಬೆತಿಕ್' ಎಂದರೆ ರೋಗಿಗೆ ಮೊದಲೇ ಸಕ್ಕರೆ ಕಾಯಿಲೆ ಇದೆ ಎಂದು. 'ಪೋರ್ತ್ ದಾಂತ್ರೆ' ಎಂದರೆ ಸೋಂಕು ಒಳಹೊಕ್ಕ ಜಾಗ, ಹೆಚ್ಚಾಗಿ ಕಾಲ್ಬೆರಳ ಸಂದಿಯ ಬಿರುಕು. 'ಮೀಝ್ ಅ ಪ್ಲಾ' ಎಂದರೆ ಕೀವಿನ ಗಡ್ಡೆಯನ್ನು ಕೊಯ್ದು ತೆರೆದು ಹರಿಯಬಿಟ್ಟದ್ದು. 'ಎಸ್ಕಾರ್' ಮಾತ್ರ ನೋಡಿಕೊಳ್ಳಿ. ಫ್ರೆಂಚಿನಲ್ಲಿ ಅದು ಸಾಮಾನ್ಯವಾಗಿ ಮಲಗಿ ಮಲಗಿ ಆಗುವ ಹುಣ್ಣು, ಇಂಗ್ಲಿಷಿನ ಎಸ್ಕರ್ ಎಂದರೆ ಕಪ್ಪಾಗಿ ಸತ್ತ ಚರ್ಮದ ಪದರ. ಸಕ್ಕರೆ ಕಾಯಿಲೆಯ ಸಾಲನ್ನು ಬಿಟ್ಟು ಅನುವಾದಿಸೋಣ ಎಂಬ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ. ಮುಂದೆ ಅಮ್ಮನನ್ನು ನೋಡುವ ವೈದ್ಯರಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದ ಸಾಲು ಅದೇ.

ಪ್ರತಿ ರೋಗದ ಹೆಸರಿನ ಪಕ್ಕದಲ್ಲೂ ಮೂಲ ಫ್ರೆಂಚ್ ಪದವನ್ನು ಉಳಿಸಿ. ಷೆಂಗೆನ್ ವೀಸಾಕ್ಕಾಗಿ ಮಾಡಿಸುವ ಕನಿಷ್ಠ 30,000 ಯೂರೋ ವಿಮೆಯೇ ನಿಮ್ಮದೂ ಆಗಿದ್ದರೆ, ನ್ಯಾಯಾಲಯದ ಮಾನ್ಯತೆ ಪಡೆದ ಅನುವಾದಕರ ಪ್ರಮಾಣಿತ ಅನುವಾದವೇ ಬೇಕೇ ಎಂದು ಮೊದಲು ವಿಮೆಯವರನ್ನು ಬರವಣಿಗೆಯಲ್ಲಿ ಕೇಳಿ. ಬೇಕೆಂದರೆ ಅಂಥ ಅನುವಾದಕರ ಪಟ್ಟಿ ನಿಮ್ಮ ಪ್ರದೇಶದ ಮೇಲ್ಮನವಿ ನ್ಯಾಯಾಲಯ 'ಕೂರ್ ದಪೆಲ್'ನಲ್ಲಿ ಸಿಗುತ್ತದೆ.

ಇಲ್ಲಿನ ಬದುಕೆಲ್ಲ ಹೀಗೇನಾ ಎಂದಿರಲ್ಲ. ಆಸ್ಪತ್ರೆಗಳು ಕಾಗದ ಕೊಡುವುದು ಫ್ರೆಂಚಿನಲ್ಲೇ, ಮನೆಯಲ್ಲಿ ಭಾಷೆ ಬಲ್ಲವರ ಹೆಗಲಿಗೆ ಈ ಭಾರ ಬೀಳುವುದೂ ನಿಜ. ಆದರೆ ಕೇಳುವ ಹಕ್ಕು ಗಟ್ಟಿಯಾಗಿದೆ. 2002ರ ಮಾರ್ಚ್ 4ರ ಕಾನೂನಿನಂತೆ ಅಮ್ಮನೇ ಸಹಿ ಹಾಕಿ ಕೇಳಿದರೆ ಆಸ್ಪತ್ರೆ ಪೂರ್ತಿ ಕಡತವನ್ನು 8 ದಿನದೊಳಗೆ ಕೊಡಬೇಕು. ಅವರು ಊರಿಗೆ ಹೊರಡುವ ಮುಂಚೆ, ರಕ್ತಪರೀಕ್ಷೆ ಮತ್ತು ಆಂಟಿಬಯೋಟಿಕ್ ವಿವರಗಳೂ ಸೇರಿದಂತೆ ಅದನ್ನು ತರಿಸಿಕೊಳ್ಳಿ. ಹೆಸರು, ಹುಟ್ಟಿದ ದಿನಾಂಕ ಮುಚ್ಚಿ ನಿಮ್ಮ ಅನುವಾದ ಕಳಿಸಿದರೆ ನಾನೂ ಒಮ್ಮೆ ಮೂಲದೊಂದಿಗೆ ಹೋಲಿಸಿ ನೋಡುತ್ತೇನೆ.